ನಾಯಿಗಳ ಹರೆಯ

ನಾಯಿಗಳ ಹರೆಯ ಎಂಬುದು ಸಾಕುನಾಯಿಯ ಬದುಕಿನಲ್ಲಿ ಮರಿತನಕ್ಕೂ ಪ್ರೌಢಾವಸ್ಥೆಗೂ ನಡುವೆ ಬರುವ ಬೆಳವಣಿಗೆಯ ಘಟ್ಟ. ಇದು ಸಾಮಾನ್ಯವಾಗಿ ಐದಾರು ತಿಂಗಳ ವಯಸ್ಸಿನಲ್ಲಿ ತೊಡಗಿ, ಸಣ್ಣ ತಳಿಗಳಲ್ಲಿ ಸುಮಾರು ಒಂದು ವರ್ಷದ ಹೊತ್ತಿಗೆ, ದೊಡ್ಡ ತಳಿಗಳಲ್ಲಿ 18ರಿಂದ 24 ತಿಂಗಳ ಹೊತ್ತಿಗೆ ಮುಗಿಯುತ್ತದೆ. ಲೈಂಗಿಕವಾಗಿ ಬಲಿಯುವುದು ಈ ಅವಧಿಯ ಒಂದು ಭಾಗ ಮಾತ್ರ. ದೇಹ ಬೆಳೆದ ಮೇಲೂ ವರ್ತನೆ ಮಾಗಲು ಹಲವು ತಿಂಗಳುಗಳು ಹಿಡಿಯುತ್ತವೆ. ಚಪ್ಪಲಿ, ಸೋಫಾ, ಬಾಗಿಲ ಚೌಕಟ್ಟುಗಳನ್ನು ಕಚ್ಚಿ ಹಾಳುಮಾಡುವುದು, ಕರೆದರೆ ಬಾರದಿರುವುದು, ಜನರ ಮೈಮೇಲೆ ಹಾರುವುದು, ನಡೆದಾಡಿಸುವಾಗ ಹಗ್ಗ ಎಳೆಯುವುದು, ಮೊದಲು ಲೆಕ್ಕಕ್ಕಿಲ್ಲದ ವಸ್ತುಗಳಿಗೆ ಈಗ ಹೆದರುವುದು ಇದರ ಪರಿಚಿತ ಲಕ್ಷಣಗಳು.

ಈ ವರ್ತನೆಗಳಲ್ಲಿ ಹೆಚ್ಚಿನವು ತಾತ್ಕಾಲಿಕ. ಆದರೂ ನಾಯಿಯೊಂದು ಮನೆ ಕಳೆದುಕೊಳ್ಳುವ ಸಾಧ್ಯತೆ ಹೆಚ್ಚಾಗಿರುವುದು ಇದೇ ಅವಧಿಯಲ್ಲಿ. ಮರಿಯ ಮುದ್ದು ಮುಖ ಮರೆಯಾಗಿ, ಪೂರ್ಣ ಬೆಳೆದ ನಾಯಿಯ ವಿವೇಕ ಇನ್ನೂ ಬಾರದ ಈ ತಿಂಗಳುಗಳಲ್ಲಿ ಅದರ ನಡತೆಯನ್ನು ಹಟವೆಂದೋ ಸೊಕ್ಕೆಂದೋ ತಿಳಿದು ದಂಡಿಸುವುದು, ಸದಾ ಕಟ್ಟಿಹಾಕುವುದು, ಕೊನೆಗೆ ಬೇರೆಯವರಿಗೆ ಕೊಟ್ಟುಬಿಡುವುದು ಅಥವಾ ಬೀದಿಗೆ ಬಿಡುವುದು ಅನೇಕ ದೇಶಗಳಲ್ಲಿ ಕಂಡುಬರುತ್ತದೆ.

ಅವಧಿ ಮತ್ತು ದೈಹಿಕ ಬದಲಾವಣೆಗಳು

ನಾಯಿಮರಿಗೆ 28 ಹಾಲುಹಲ್ಲುಗಳಿರುತ್ತವೆ. ನಾಲ್ಕನೆಯ ತಿಂಗಳಿನಿಂದ ಇವು ಉದುರತೊಡಗಿ, ಏಳನೆಯ ತಿಂಗಳ ಹೊತ್ತಿಗೆ 42 ಶಾಶ್ವತ ಹಲ್ಲುಗಳು ಮೂಡಿರುತ್ತವೆ. ಈ ಸಮಯದಲ್ಲಿ ವಸಡಿನ ನೋವು ತಗ್ಗಿಸಿಕೊಳ್ಳಲು ಮರಿ ಸಿಕ್ಕಿದ್ದನ್ನೆಲ್ಲ ಕಚ್ಚುತ್ತದೆ. ಹಲ್ಲು ಮೂಡಿದ ಮೇಲೆ ಈ ಚಟ ನಿಲ್ಲುತ್ತದೆಂದು ಸಾಕುವವರು ನಿರೀಕ್ಷಿಸುವುದು ಸಹಜ, ಆದರೆ ನಿಲ್ಲುವುದಿಲ್ಲ. ಹೊಸ ಹಲ್ಲುಗಳು ದವಡೆಯಲ್ಲಿ ಭದ್ರವಾಗುವ ಮುಂದಿನ ತಿಂಗಳುಗಳಲ್ಲಿ ಕಚ್ಚುವಿಕೆ ಮುಂದುವರಿಯುತ್ತದೆ, ಮತ್ತು ಈಗ ದವಡೆಯ ಬಲವೂ ಹೆಚ್ಚಿರುವುದರಿಂದ ಹಾನಿ ದೊಡ್ಡದಾಗಿರುತ್ತದೆ.

ಹೆಣ್ಣುನಾಯಿಗೆ ಮೊದಲ ಬೆದೆ ಸಾಮಾನ್ಯವಾಗಿ 6ರಿಂದ 12 ತಿಂಗಳ ನಡುವೆ ಬರುತ್ತದೆ. ಬಹಳ ದೊಡ್ಡ ತಳಿಗಳಲ್ಲಿ ಇದು ಒಂದೂವರೆ ವರ್ಷ ದಾಟುವುದುಂಟು. ಬೆದೆಯ ಅವಧಿ ಸುಮಾರು ಮೂರು ವಾರ. ಮೊದಲ ಬೆದೆಯಲ್ಲಿಯೇ ಗರ್ಭ ನಿಲ್ಲಬಲ್ಲದು. ಗಂಡುನಾಯಿಗಳಲ್ಲಿ ವೃಷಣದ ಹಾರ್ಮೋನು ಏರುವುದರೊಂದಿಗೆ ಕಾಲೆತ್ತಿ ಮೂತ್ರ ಹಾಕಿ ಗುರುತು ಮಾಡುವುದು, ಬೆದೆಯ ವಾಸನೆ ಹಿಡಿದು ಮನೆಯಿಂದ ತಪ್ಪಿಸಿಕೊಳ್ಳುವುದು, ಇತರ ಗಂಡುನಾಯಿಗಳ ಮೇಲೆ ಗುರುಗುಟ್ಟುವುದು ಆರಂಭವಾಗುತ್ತವೆ.

ದೇಹದ ಈ ಬದಲಾವಣೆಗಳಿಗೆ ಸರಿಸಮನಾಗಿ ಮಿದುಳು ಮಾಗುವುದಿಲ್ಲ. ಇತರ ಸಸ್ತನಿಗಳಲ್ಲಿರುವಂತೆ ನಾಯಿಯಲ್ಲಿಯೂ ಭಾವನೆ ಮತ್ತು ಉದ್ರೇಕಕ್ಕೆ ಸಂಬಂಧಿಸಿದ ಮಿದುಳಿನ ಭಾಗಗಳು ಬೇಗ ಚುರುಕಾಗುತ್ತವೆ. ಆವೇಗವನ್ನು ತಡೆದು ನಿಲ್ಲಿಸುವ ಮುಂಭಾಗದ ತೊಗಟೆ ನಿಧಾನವಾಗಿ ಬಲಿಯುತ್ತದೆ. ಎಂಟು ತಿಂಗಳ ಲ್ಯಾಬ್ರಡಾರ್ ನಾಯಿ ಮೈಯಲ್ಲಿ ಹೆಚ್ಚುಕಡಿಮೆ ದೊಡ್ಡ ನಾಯಿಯೇ ಆಗಿದ್ದು, ಸಂಯಮದಲ್ಲಿ ಮರಿಯಾಗಿರುವುದು ಈ ಅಂತರದಿಂದಾಗಿ.

ವರ್ತನೆಯ ಲಕ್ಷಣಗಳು

ಮಾತು ಕೇಳದಿರುವುದು

ಮರಿಯಾಗಿದ್ದಾಗ ಕಲಿತ ಆಜ್ಞೆಗಳನ್ನು ಹರೆಯದ ನಾಯಿ ಮರೆತಂತೆ ತೋರುತ್ತದೆ. ಇದು ಮರೆವಲ್ಲವೆಂಬುದಕ್ಕೆ 2020ರಲ್ಲಿ ಬ್ರಿಟನ್ನಿನ ನ್ಯೂಕ್ಯಾಸಲ್ ವಿಶ್ವವಿದ್ಯಾಲಯದ ಲೂಸಿ ಆಶರ್ ಮತ್ತು ಸಹೋದ್ಯೋಗಿಗಳು 'ಬಯಾಲಜಿ ಲೆಟರ್ಸ್' ನಿಯತಕಾಲಿಕದಲ್ಲಿ ಪ್ರಕಟಿಸಿದ ಅಧ್ಯಯನ ಮುಖ್ಯ ಆಧಾರ. ಲ್ಯಾಬ್ರಡಾರ್, ಗೋಲ್ಡನ್ ರಿಟ್ರೀವರ್ ಮತ್ತು ಅವುಗಳ ಮಿಶ್ರತಳಿಯ 69 ನಾಯಿಗಳಿಗೆ ಐದು ತಿಂಗಳಲ್ಲಿ ಒಮ್ಮೆ, ಎಂಟು ತಿಂಗಳಲ್ಲಿ ಮತ್ತೊಮ್ಮೆ 'ಕುಳಿತುಕೋ' ಎಂಬ ಆಜ್ಞೆ ಕೊಟ್ಟು ನೋಡಲಾಯಿತು. ಎಂಟು ತಿಂಗಳ ನಾಯಿಗಳು ತಮ್ಮನ್ನು ಸಾಕುವವರ ಆಜ್ಞೆಯನ್ನು ಐದು ತಿಂಗಳಿನಲ್ಲಿದ್ದುದಕ್ಕಿಂತ ಹೆಚ್ಚು ಸಲ ಕಡೆಗಣಿಸಿದವು. ಅದೇ ಆಜ್ಞೆಯನ್ನು ಅಪರಿಚಿತರು ಕೊಟ್ಟಾಗ ಇಂಥ ಇಳಿಕೆ ಕಾಣಲಿಲ್ಲ. ಇದಕ್ಕಿಂತ ದೊಡ್ಡ ಗುಂಪಿನ ನಾಯಿಗಳ ಬಗ್ಗೆ ಸಂಗ್ರಹಿಸಿದ ಪ್ರಶ್ನಾವಳಿಗಳಲ್ಲಿಯೂ ಸಾಕುವವರು ಎಂಟನೆಯ ತಿಂಗಳಿನಲ್ಲಿ ಕಡಿಮೆ ಅಂಕ ಕೊಟ್ಟಿದ್ದರು. ಹನ್ನೆರಡನೆಯ ತಿಂಗಳಿಗೆ ಅಂಕಗಳು ಮತ್ತೆ ಏರಿದ್ದವು.

ಈ ಅಧ್ಯಯನದ ಎರಡು ಅಂಶಗಳು ಗಮನಾರ್ಹ. ಮೊದಲನೆಯದು, ಅವಿಧೇಯತೆ ಎಲ್ಲರ ವಿಷಯದಲ್ಲಿಯೂ ಇರಲಿಲ್ಲ. ಮನುಷ್ಯರ ಮಕ್ಕಳು ಹದಿಹರೆಯದಲ್ಲಿ ತಂದೆತಾಯಿಯರೊಂದಿಗೆ ಮುನಿದುಕೊಳ್ಳುವಂತೆ ಅದು ಅತ್ಯಂತ ಹತ್ತಿರದವರತ್ತಲೇ ತಿರುಗಿತ್ತು. ಎರಡನೆಯದು, ಸಾಕುವವರಿಂದ ಬೇರ್ಪಟ್ಟಾಗ ಹೆಚ್ಚು ಕಳವಳಪಡುವ, ಅಂದರೆ ಬಾಂಧವ್ಯದಲ್ಲಿ ಅಭದ್ರತೆ ತೋರುವ ನಾಯಿಗಳಲ್ಲಿ ಈ ಅವಿಧೇಯತೆ ಹೆಚ್ಚಾಗಿತ್ತು. ಅಂಥ ಹೆಣ್ಣುನಾಯಿಗಳಿಗೆ ಮೊದಲ ಬೆದೆಯೂ ಬೇಗ ಬಂದಿತ್ತು. ಹೀಗಾಗಿ ಈ ತಿಂಗಳುಗಳಲ್ಲಿ ಕಠಿಣವಾಗಿ ನಡೆದುಕೊಂಡು ನಾಯಿಯ ನಂಬಿಕೆ ಕೆಡಿಸುವುದು ತೊಂದರೆಯನ್ನು ಕಡಿಮೆ ಮಾಡುವ ದಾರಿಯಲ್ಲ.

ಕಚ್ಚುವುದು, ಅಗೆಯುವುದು, ಹಾಳುಮಾಡುವುದು

ಕಚ್ಚುವುದು ನಾಯಿಗೆ ಸ್ವಭಾವಸಹಜ ಚಟುವಟಿಕೆ. ವಸ್ತುವಿನ ರುಚಿ, ಗಡಸುತನ, ವಾಸನೆಗಳನ್ನು ಅದು ಬಾಯಿಯಿಂದ ಅರಿಯುತ್ತದೆ. ಜಗಿಯುವುದರಿಂದ ಅದಕ್ಕೆ ಸಮಾಧಾನವೂ ಸಿಗುತ್ತದೆ. ಚಪ್ಪಲಿ, ಕಾಲುಚೀಲ, ದಿಂಬುಗಳು ಮೊದಲು ಬಲಿಯಾಗುವುದು ಅವುಗಳಲ್ಲಿ ಮನೆಯವರ ಮೈವಾಸನೆ ಗಾಢವಾಗಿರುವುದರಿಂದ. ಇದರಲ್ಲಿ ಸೇಡಿನ ಭಾವನೆಯನ್ನು ಹುಡುಕುವುದು ವ್ಯರ್ಥ. ದಿನದ ಎಂಟು ಹತ್ತು ಗಂಟೆ ಒಂಟಿಯಾಗಿ ಅಪಾರ್ಟ್‌ಮೆಂಟಿನಲ್ಲಿ ಉಳಿಯುವ, ಬೆಳಗ್ಗೆ ಸಂಜೆ ಹತ್ತು ಹತ್ತು ನಿಮಿಷ ಮಾತ್ರ ಹೊರಗೆ ಹೋಗುವ ನಾಯಿಗೆ ಸೋಫಾ ಹರಿಯುವುದಕ್ಕಿಂತ ಆಸಕ್ತಿಯ ಕೆಲಸ ಬೇರೇನೂ ಇರುವುದಿಲ್ಲ. ಅಂಗಳವಿರುವ ಮನೆಗಳಲ್ಲಿ ಇದೇ ಶಕ್ತಿ ಹೂಕುಂಡ, ಪಾತಿ, ಒಗೆದು ಹಾಕಿದ ಬಟ್ಟೆಗಳ ಮೇಲೆ ಹರಿಯುತ್ತದೆ.

ತಳಿಯ ಮೂಲ ಉದ್ದೇಶವೂ ಇಲ್ಲಿ ಮುಖ್ಯ. ನೀರಿನಿಂದಲೂ ಪೊದೆಯಿಂದಲೂ ಬೇಟೆಯನ್ನು ಬಾಯಲ್ಲಿ ಹಿಡಿದು ತರಲು ರೂಪಿಸಿದ ರಿಟ್ರೀವರ್ ತಳಿಗಳು ಏನನ್ನಾದರೂ ಬಾಯಲ್ಲಿಟ್ಟುಕೊಳ್ಳದೆ ಇರಲಾರವು. ನೆಲ ಅಗೆದು ಪ್ರಾಣಿಗಳನ್ನು ಹೊರಗೆಳೆಯಲು ಬೆಳೆಸಿದ ಡ್ಯಾಶ್‌ಹುಂಡ್, ಟೆರಿಯರ್‌ಗಳು ಅಗೆಯುತ್ತವೆ. ಬಾಗಲಕೋಟೆ ಜಿಲ್ಲೆಯ ಮುಧೋಳ ನಾಯಿ ಕಣ್ಣಿನಿಂದ ಬೇಟೆಯನ್ನು ಗುರುತಿಸಿ ಬೆನ್ನಟ್ಟುವ ಬೇಟೆನಾಯಿ. 2005ರಲ್ಲಿ ಭಾರತೀಯ ಅಂಚೆ ಇಲಾಖೆ ಅಂಚೆಚೀಟಿಯ ಗೌರವ ನೀಡಿದ ನಾಲ್ಕು ದೇಶೀ ತಳಿಗಳಲ್ಲಿ ಇದೂ ಒಂದು. ಹರೆಯದ ಮುಧೋಳ ನಾಯಿಯ ಕಣ್ಣಿಗೆ ಬೆಕ್ಕು, ಅಳಿಲು ಅಥವಾ ಓಡುವ ಸ್ಕೂಟರು ಬಿದ್ದರೆ ಕರೆ ಕಿವಿಗೆ ಬೀಳುವುದೇ ಕಷ್ಟ. ಆದುದರಿಂದ ಬೇಲಿಯಿಲ್ಲದ ಜಾಗದಲ್ಲಿ ಅದನ್ನು ಬಿಚ್ಚಿಬಿಡುವುದು ಸುರಕ್ಷಿತವಲ್ಲ.

ಭಯದ ಮರುಕಳಿಕೆ

ನಾಯಿಯ ಸಾಮಾಜಿಕ ಕಲಿಕೆಯ ಮುಖ್ಯ ಕಾಲ ಸುಮಾರು 3ರಿಂದ 12 ವಾರಗಳೆಂದು ಜಾನ್ ಪಾಲ್ ಸ್ಕಾಟ್ ಮತ್ತು ಜಾನ್ ಫುಲ್ಲರ್ ಅವರು ಅಮೆರಿಕದ ಜ್ಯಾಕ್ಸನ್ ಪ್ರಯೋಗಾಲಯದಲ್ಲಿ ನಡೆಸಿದ ದೀರ್ಘ ಸಂಶೋಧನೆ ತೋರಿಸಿತು. ಅವರ ಗ್ರಂಥ 1965ರಲ್ಲಿ ಹೊರಬಂತು. ಆ ಕಾಲದಲ್ಲಿ ಒಳ್ಳೆಯ ಅನುಭವ ಪಡೆದ ಮರಿಯೂ ಹರೆಯದಲ್ಲಿ ಇದ್ದಕ್ಕಿದ್ದಂತೆ ಅಂಜುಬುರುಕನಾಗುವುದುಂಟು. ತರಬೇತುದಾರರು ಇದನ್ನು ಎರಡನೆಯ ಭಯದ ಅವಧಿ ಎನ್ನುತ್ತಾರೆ. ನಿತ್ಯ ನೋಡಿದ ಕಸದ ತೊಟ್ಟಿ, ಛತ್ರಿ ಹಿಡಿದವರು, ಹೆಲ್ಮೆಟ್ ಧರಿಸಿದವರು ಬೊಗಳಲು ಕಾರಣವಾಗುತ್ತಾರೆ. ಭಾರತದಲ್ಲಿ ನಾಯಿಯ ಹರೆಯ ದೀಪಾವಳಿಯ ಸಮಯಕ್ಕೆ ಬಿದ್ದರೆ ಪಟಾಕಿಯ ಭಯ ಆಗ ಬೇರೂರಿ ಜೀವನಪೂರ್ತಿ ಉಳಿಯಬಹುದು. ಹೆದರಿದ ನಾಯಿಯನ್ನು ಆ ವಸ್ತುವಿನ ಬಳಿಗೆ ಎಳೆದೊಯ್ಯದೆ, ದೂರದಿಂದ ನೋಡಲು ಬಿಟ್ಟು, ತಿನಿಸು ಕೊಟ್ಟು, ಅದು ತಾನಾಗಿ ಹತ್ತಿರವಾಗಲು ಸಮಯ ಕೊಡುವುದು ಸೂಕ್ತ ವಿಧಾನ. ಹೆದರಿದಾಗ ಸಂತೈಸಿದರೆ ಭಯ ಹೆಚ್ಚುತ್ತದೆ ಎಂಬ ನಂಬಿಕೆ ಸರಿಯಲ್ಲ.

ತಪ್ಪು ಗ್ರಹಿಕೆಗಳು

ಹರೆಯದ ನಾಯಿ ಮನೆಯ ಯಜಮಾನಿಕೆಗಾಗಿ ಹೋರಾಡುತ್ತಿದೆ, ಆದುದರಿಂದ ಅದನ್ನು ಅಡಗಿಸಬೇಕು ಎಂಬ ವಾದ ಬಹುಕಾಲ ಪ್ರಚಾರದಲ್ಲಿತ್ತು. ಇದರ ಮೂಲ ತೋಳಗಳ ಅಧ್ಯಯನ. ರುಡಾಲ್ಫ್ ಶೆಂಕೆಲ್ 1947ರಲ್ಲಿ ಪ್ರಕಟಿಸಿದ ವಿವರಣೆ ಮೃಗಾಲಯದಲ್ಲಿ ಕೂಡಿಹಾಕಿದ ತೋಳಗಳನ್ನು ಆಧರಿಸಿತ್ತು. ಡೇವಿಡ್ ಮೆಕ್ 1970ರ ತಮ್ಮ ಗ್ರಂಥದಲ್ಲಿ ಈ ಕಲ್ಪನೆಯನ್ನು ಜನಪ್ರಿಯಗೊಳಿಸಿದರು. ಮುಂದೆ ಕಾಡಿನ ತೋಳಗಳನ್ನು ವರ್ಷಗಟ್ಟಲೆ ಗಮನಿಸಿದ ಅವರೇ 1999ರಲ್ಲಿ, ತೋಳದ ಹಿಂಡು ಬಹುಮಟ್ಟಿಗೆ ತಂದೆತಾಯಿ ಮತ್ತು ಅವುಗಳ ಮರಿಗಳ ಕುಟುಂಬವೆಂದೂ ಅಲ್ಲಿ ಪಟ್ಟಕ್ಕಾಗಿ ಕಾದಾಟ ಸಾಮಾನ್ಯವಲ್ಲವೆಂದೂ ಬರೆದು ಹಿಂದಿನ ಅಭಿಪ್ರಾಯವನ್ನು ತಿದ್ದಿದರು. ಆದರೂ ನಾಯಿಯನ್ನು ಅಂಗಾತ ಕೆಡವಿ ಒತ್ತಿಹಿಡಿಯುವ, ಕತ್ತಿನ ಚರ್ಮ ಹಿಡಿದು ಅಲುಗಾಡಿಸುವ ಪದ್ಧತಿಗಳು ಅಲ್ಲಲ್ಲಿ ಉಳಿದಿವೆ. ಪೆನ್ಸಿಲ್ವೇನಿಯಾ ವಿಶ್ವವಿದ್ಯಾಲಯದ ಮೇಗನ್ ಹೆರನ್ ಮತ್ತು ಸಂಗಡಿಗರು 2009ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ ಹೊಡೆಯುವುದು, ಒದೆಯುವುದು, ಕೆಡವಿ ಹಿಡಿಯುವುದು ಮುಂತಾದ ಕ್ರಮಗಳಿಗೆ ಕಾಲುಭಾಗಕ್ಕೂ ಹೆಚ್ಚು ನಾಯಿಗಳು ಆಕ್ರಮಣಕಾರಿಯಾಗಿ ಪ್ರತಿಕ್ರಿಯಿಸಿದ್ದವು.

ಇನ್ನೊಂದು ಗ್ರಹಿಕೆ ನಾಯಿಯ ತಪ್ಪಿತಸ್ಥ ನೋಟಕ್ಕೆ ಸಂಬಂಧಿಸಿದ್ದು. ಮನೆಗೆ ಬಂದಾಗ ಹರಿದ ದಿಂಬಿನ ಪಕ್ಕದಲ್ಲಿ ನಾಯಿ ಕಿವಿ ಮಡಚಿ, ತಲೆ ತಗ್ಗಿಸಿ, ಕಣ್ಣು ತಪ್ಪಿಸಿ ನಿಂತಿದ್ದರೆ ಅದಕ್ಕೆ ತನ್ನ ತಪ್ಪು ಗೊತ್ತಿದೆ ಎನ್ನುವುದು ಸಾಮಾನ್ಯ. ನ್ಯೂಯಾರ್ಕಿನ ಅಲೆಕ್ಸಾಂಡ್ರಾ ಹೊರೊವಿಟ್ಸ್ 14 ನಾಯಿಗಳೊಂದಿಗೆ ನಡೆಸಿ 2009ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ, ತಿನ್ನಬಾರದೆಂದು ಹೇಳಿದ ತಿನಿಸನ್ನು ನಾಯಿ ನಿಜವಾಗಿ ತಿಂದಿತ್ತೇ ಇಲ್ಲವೇ ಎಂಬುದಕ್ಕೂ ಈ ನೋಟಕ್ಕೂ ಸಂಬಂಧ ಕಾಣಲಿಲ್ಲ. ಯಜಮಾನರು ಗದರಿದಾಗ ಅದು ಕಾಣಿಸಿಕೊಂಡಿತು. ತಿನ್ನದೆಯೂ ಬೈಸಿಕೊಂಡ ನಾಯಿಗಳಲ್ಲಿ ಅದು ಇನ್ನಷ್ಟು ಸ್ಪಷ್ಟವಾಗಿತ್ತು. ಅಂದರೆ ಅದು ಸಿಟ್ಟಾದ ಮನುಷ್ಯನನ್ನು ಶಾಂತಗೊಳಿಸುವ ಭಂಗಿ. ಗಂಟೆಗಳ ಹಿಂದೆ ನಡೆದ ಹಾನಿಗೆ ಈಗ ಶಿಕ್ಷಿಸಿದರೆ ನಾಯಿ ಕಲಿಯುವುದು ಮನೆಯವರು ಬಾಗಿಲು ತೆರೆಯುವ ಹೊತ್ತು ಭಯಾನಕವೆಂಬುದನ್ನು ಮಾತ್ರ.

ನಿರ್ವಹಣೆ

ಮೊದಲ ಕೆಲಸ ತಪ್ಪಿಗೆ ಅವಕಾಶವನ್ನೇ ತಗ್ಗಿಸುವುದು. ಹರಿದು ಮಜಾ ಪಡೆದ ಪ್ರತಿ ಸಲವೂ ಆ ಅಭ್ಯಾಸ ಗಟ್ಟಿಯಾಗುತ್ತದೆ. ಚಪ್ಪಲಿಗಳನ್ನು ಕಪಾಟಿನೊಳಗಿಡುವುದು, ವಿದ್ಯುತ್ ತಂತಿಗಳನ್ನು ಮೇಲೆತ್ತಿ ಕಟ್ಟುವುದು, ಕಸದ ಬುಟ್ಟಿಗೆ ಮುಚ್ಚಳ ಹಾಕುವುದು, ಮನೆಯಲ್ಲಿ ಯಾರೂ ಇಲ್ಲದಾಗ ನಾಯಿಗೆ ಇಡೀ ಮನೆಯ ಬದಲು ಹಾನಿಗೆ ಆಸ್ಪದವಿಲ್ಲದ ಒಂದು ಕೋಣೆಯನ್ನು ಬಿಟ್ಟುಕೊಡುವುದು ತರಬೇತಿಗಿಂತ ಬೇಗ ಫಲ ಕೊಡುವ ಉಪಾಯಗಳು. ಹಳೆಯ ಚಪ್ಪಲಿಯನ್ನು ಆಟಕ್ಕೆ ಕೊಡುವ ರೂಢಿ ಒಳ್ಳೆಯದಲ್ಲ; ಹಳೆಯದಕ್ಕೂ ಹೊಸದಕ್ಕೂ ಇರುವ ಭೇದ ನಾಯಿಗೆ ತಿಳಿಯದು.

ಕಚ್ಚುವ ಬಯಕೆಗೆ ಬೇರೆ ದಾರಿ ಬೇಕು. ಗಟ್ಟಿ ರಬ್ಬರಿನ ಟೊಳ್ಳು ಆಟಿಕೆಯೊಳಗೆ ಅನ್ನ, ಮೊಸರು ಅಥವಾ ನಾಯಿಯ ದಿನದ ಆಹಾರವನ್ನೇ ತುಂಬಿ, ಬೇಕಿದ್ದರೆ ಫ್ರೀಜರಿನಲ್ಲಿಟ್ಟು ಕೊಟ್ಟರೆ ನಾಯಿ ಅರ್ಧ ಗಂಟೆಯಾದರೂ ಅದರಲ್ಲಿ ಮುಳುಗಿರುತ್ತದೆ. ತಣ್ಣನೆಯ ಕ್ಯಾರೆಟ್, ಗಂಟು ಹಾಕಿದ ಒದ್ದೆ ಬಟ್ಟೆ ವಸಡಿಗೆ ಹಿತಕರ. ಬಟ್ಟೆಯನ್ನು ನಾಯಿ ಹರಿದು ನುಂಗದಂತೆ ಎದುರಿಗಿದ್ದು ನೋಡಿಕೊಳ್ಳಬೇಕು. ಬೇಯಿಸಿದ ಕೋಳಿಮೂಳೆ ಚೂಪಾಗಿ ಸೀಳುವುದರಿಂದ ಅಪಾಯಕರ. ಮಾವಿನ ಓಟೆ, ಮೆಕ್ಕೆಜೋಳದ ದಿಂಡು, ಕಾಲುಚೀಲಗಳು ಕರುಳಿನಲ್ಲಿ ಸಿಕ್ಕಿಕೊಂಡು ಶಸ್ತ್ರಚಿಕಿತ್ಸೆಗೆ ಕಾರಣವಾಗಬಲ್ಲವು. ಚಾಕೊಲೇಟ್, ದ್ರಾಕ್ಷಿ, ಒಣದ್ರಾಕ್ಷಿ, ಈರುಳ್ಳಿ ಮತ್ತು ಸಕ್ಕರೆರಹಿತ ಚ್ಯೂಯಿಂಗ್ ಗಮ್‌ಗಳಲ್ಲಿರುವ ಕ್ಸೈಲಿಟಾಲ್ ನಾಯಿಗೆ ವಿಷಕಾರಿ. ನಿಷಿದ್ಧ ವಸ್ತುವನ್ನು ನಾಯಿ ಬಾಯಲ್ಲಿ ಹಿಡಿದಾಗ ಅಟ್ಟಿಸಿಕೊಂಡು ಹೋದರೆ ಅದಕ್ಕೆ ಆಟವೆನಿಸುತ್ತದೆ, ಅಥವಾ ಅದು ಆತುರದಿಂದ ನುಂಗಿಬಿಡುತ್ತದೆ; ಒಳ್ಳೆಯ ತಿನಿಸನ್ನು ತೋರಿಸಿ ವಿನಿಮಯ ಮಾಡಿಕೊಳ್ಳುವುದು ಜಾಣತನ.

ವ್ಯಾಯಾಮದ ವಿಷಯದಲ್ಲಿ ಹೆಚ್ಚಾದಷ್ಟೂ ಒಳ್ಳೆಯದೆಂಬ ಲೆಕ್ಕ ಪೂರ್ತಿ ಸರಿಯಲ್ಲ. ದೊಡ್ಡ ತಳಿಗಳಲ್ಲಿ ಮೂಳೆಯ ಬೆಳವಣಿಗೆಯ ತುದಿಗಳು ಒಂದು ವರ್ಷದ ಮೇಲೂ ತೆರೆದಿರಬಹುದಾದ ಕಾರಣ ಡಾಂಬರು ರಸ್ತೆಯಲ್ಲಿ ಸೈಕಲ್ ಜೊತೆ ಓಡಿಸುವುದು, ಎತ್ತರದಿಂದ ಪದೇ ಪದೇ ಹಾರಿಸುವುದು ಕೀಲುಗಳಿಗೆ ಹಾನಿಕರ. ಚೆಂಡನ್ನು ಎಡೆಬಿಡದೆ ಎಸೆದು ದಣಿಸಿದ ನಾಯಿ ಎಷ್ಟೋ ಸಲ ಶಾಂತವಾಗುವ ಬದಲು ಇನ್ನಷ್ಟು ಕೆರಳಿರುತ್ತದೆ. ಉದ್ದ ಹಗ್ಗದಲ್ಲಿ ನಿಧಾನವಾಗಿ ನಡೆಸಿ, ಬೇಕಾದಷ್ಟು ಹೊತ್ತು ಮೂಸಲು ಬಿಡುವುದು, ಊಟವನ್ನು ತಟ್ಟೆಯಲ್ಲಿಡದೆ ಹುಲ್ಲಿನಲ್ಲಿ ಚೆಲ್ಲಿ ಹುಡುಕಿಸುವುದು ಮನಸ್ಸನ್ನು ದಣಿಸುವ ಚಟುವಟಿಕೆಗಳು. ನಿದ್ದೆಯೂ ಅಷ್ಟೇ ಅಗತ್ಯ. ಸಂಜೆಯ ಹೊತ್ತು ಮನೆತುಂಬ ಹುಚ್ಚೆದ್ದು ಓಡುವ, ಕೈಕಾಲು ಕಚ್ಚುವ ನಾಯಿಗೆ ಹಲವು ಬಾರಿ ಬೇಕಾಗಿರುವುದು ಮತ್ತೊಂದು ಆಟವಲ್ಲ, ಗದ್ದಲವಿಲ್ಲದ ಮೂಲೆ.

ತರಬೇತಿಯನ್ನು ಈ ಅವಧಿಯಲ್ಲಿ ನಿಲ್ಲಿಸಬಾರದು. ಆದರೆ ಮಟ್ಟವನ್ನು ಇಳಿಸಬೇಕು. ಮೂರು ನಾಲ್ಕು ನಿಮಿಷಗಳ ಪಾಠ ದಿನಕ್ಕೆ ಹಲವು ಸಲ, ಮೊದಲು ಮನೆಯೊಳಗೆ, ಬಳಿಕ ಅಂಗಳದಲ್ಲಿ, ಆಮೇಲೆ ಬೀದಿಯಲ್ಲಿ ಎಂಬ ಕ್ರಮ ಅನುಸರಿಸಲಾಗುತ್ತದೆ. ಕರೆದಾಗ ಬರುವುದನ್ನು ಕಲಿಸುವಲ್ಲಿ ಎರಡು ತಪ್ಪುಗಳು ಬಹಳ ಸಾಮಾನ್ಯ: ಬಾರದ ನಾಯಿಯನ್ನು ಹತ್ತು ಸಲ ಕೂಗಿ ಆ ಪದವನ್ನು ಅರ್ಥಹೀನಗೊಳಿಸುವುದು, ಮತ್ತು ತಡವಾಗಿ ಬಂದ ನಾಯಿಗೆ ಹೊಡೆಯುವುದು. ಎರಡನೆಯದರಿಂದ ಬರುವುದೇ ತಪ್ಪೆಂದು ನಾಯಿ ತಿಳಿಯುತ್ತದೆ. ಕರೆ ಖಚಿತವಾಗುವವರೆಗೆ ಐದರಿಂದ ಹತ್ತು ಮೀಟರಿನ ಹಗ್ಗವನ್ನು ಎದೆಪಟ್ಟಿಗೆ ಕಟ್ಟಿರುವುದು ಸುರಕ್ಷಿತ; ಕೊರಳಪಟ್ಟಿಗೆ ಕಟ್ಟಿದರೆ ಓಡುವಾಗಿನ ಜಗ್ಗು ಕತ್ತಿಗೆ ಪೆಟ್ಟು ಮಾಡಬಹುದು.

ಮೈಮೇಲೆ ಹಾರುವುದು ಗಮನಕ್ಕಾಗಿ. ತಳ್ಳುವುದೂ ಗದರುವುದೂ ನಾಯಿಯ ದೃಷ್ಟಿಯಲ್ಲಿ ಗಮನವೇ ಆಗಿರುವುದರಿಂದ ಬೆನ್ನು ತಿರುಗಿಸಿ ನಿಂತು, ನಾಲ್ಕೂ ಕಾಲು ನೆಲದಲ್ಲಿರುವಾಗ ಮಾತ್ರ ಮಾತಾಡಿಸುವುದು ವಾಡಿಕೆಯ ವಿಧಾನ. ಇದು ಫಲಿಸಬೇಕಾದರೆ ಮನೆಯವರೆಲ್ಲರೂ ಒಂದೇ ರೀತಿ ನಡೆದುಕೊಳ್ಳಬೇಕು. ಅಪ್ಪ ಬೈಯುವ, ಅಜ್ಜಿ ಮುದ್ದಿಸಿ ಬಿಸ್ಕತ್ತು ಕೊಡುವ ಮನೆಯಲ್ಲಿ ನಾಯಿ ಹಾರುವುದನ್ನು ಬಿಡುವುದಿಲ್ಲ; ಯಾವಾಗಲೋ ಒಮ್ಮೆ ಸಿಗುವ ಬಹುಮಾನ ಅಭ್ಯಾಸವನ್ನು ಇನ್ನಷ್ಟು ಬಿಗಿಗೊಳಿಸುತ್ತದೆಂಬುದು ಕಲಿಕೆಯ ಮನೋವಿಜ್ಞಾನದ ಪ್ರಸಿದ್ಧ ತತ್ವ. ಚಿಕ್ಕ ಮಕ್ಕಳು, ವೃದ್ಧರು ಇರುವ ಮನೆಗಳಲ್ಲಿ ಅತಿಥಿಗಳು ಬಂದಾಗ ನಾಯಿಯನ್ನು ಹಗ್ಗದಲ್ಲಿ ಹಿಡಿದಿರುವುದು ಉಚಿತ.

ದಿನವಿಡೀ ಸರಪಳಿಯಲ್ಲಿ ಕಟ್ಟಿಹಾಕುವುದು ಪರಿಹಾರವಾಗದು. ಶಕ್ತಿ ಒಳಗೇ ಕೂಡಿ, ಬೊಗಳುವಿಕೆ ಮತ್ತು ಆಕ್ರಮಣಶೀಲತೆ ಹೆಚ್ಚುತ್ತವೆ. ಭಾರತದ ಪ್ರಾಣಿಗಳ ಮೇಲಿನ ಕ್ರೌರ್ಯ ತಡೆ ಅಧಿನಿಯಮ, 1960ರ 11ನೆಯ ಪ್ರಕರಣದ ಪ್ರಕಾರ ಪ್ರಾಣಿಯನ್ನು ಅತಿ ಗಿಡ್ಡ ಅಥವಾ ಅತಿ ಭಾರದ ಸರಪಳಿಯಲ್ಲಿ ಅನುಚಿತವಾಗಿ ಬಹಳ ಹೊತ್ತು ಕಟ್ಟುವುದು ಅಪರಾಧ. ಸದಾ ಕಟ್ಟಿಹಾಕಿದ ನಾಯಿಗೆ ತಕ್ಕಷ್ಟು ವ್ಯಾಯಾಮ ಕೊಡದಿರುವುದೂ ಅಪರಾಧವೇ.

ಸಂತಾನಹರಣ ಶಸ್ತ್ರಚಿಕಿತ್ಸೆ

ಅನಗತ್ಯ ಮರಿಗಳನ್ನು ತಡೆಯಲು, ಬೆದೆಯ ವಾಸನೆಗೆ ಅಲೆಯುವುದನ್ನು ತಗ್ಗಿಸಲು ಈ ಶಸ್ತ್ರಚಿಕಿತ್ಸೆ ಉಪಯುಕ್ತ. ಆದರೆ ಕಚ್ಚುವುದು, ಹಾರುವುದು, ಮಾತು ಕೇಳದಿರುವುದು ಇದರಿಂದ ವಾಸಿಯಾಗುವುದಿಲ್ಲ. ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಡೇವಿಸ್ ಕೇಂದ್ರದ ಸಂಶೋಧಕರು ಗೋಲ್ಡನ್ ರಿಟ್ರೀವರ್ ನಾಯಿಗಳನ್ನು ಕುರಿತು 2013ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಒಂದು ವರ್ಷದೊಳಗೆ ಶಸ್ತ್ರಚಿಕಿತ್ಸೆಯಾದವುಗಳಲ್ಲಿ ಕೀಲಿನ ತೊಂದರೆಗಳು ಹೆಚ್ಚಾಗಿದ್ದವು. ತಳಿ, ಗಾತ್ರ ಮತ್ತು ಲಿಂಗಗಳನ್ನು ಗಮನಿಸಿ ಪಶುವೈದ್ಯರು ಸಮಯ ನಿರ್ಧರಿಸುತ್ತಾರೆ.

ಹರೆಯವಲ್ಲದ ಕಾರಣಗಳು

ಎಲ್ಲ ಹಾವಳಿಯೂ ಹರೆಯದ್ದಲ್ಲ. ಒಂಟಿಯಾಗಿ ಬಿಟ್ಟಾಗ ಮಾತ್ರ, ಅದರಲ್ಲಿಯೂ ಮನೆಯವರು ಹೊರಟ ಮೊದಲ ಅರ್ಧ ಗಂಟೆಯೊಳಗೆ, ಬಾಗಿಲು ಮತ್ತು ಕಿಟಕಿಗಳ ಸುತ್ತಲೇ ಹಾನಿ ನಡೆದರೆ, ಜೊತೆಗೆ ಜೊಲ್ಲು ಸುರಿಯುವುದು, ಊಳಿಡುವುದು, ಒಳಗೇ ಮೂತ್ರ ಮಾಡುವುದು ಇದ್ದರೆ ಅದು ಅಗಲಿಕೆಯ ಆತಂಕವಾಗಿರಬಹುದು. ಮೊಬೈಲಿನಲ್ಲಿ ವಿಡಿಯೊ ಮಾಡಿಟ್ಟು ನೋಡಿದರೆ ಬೇಸರದಿಂದ ದಿಂಬು ಹರಿಯುವ ನಾಯಿಗೂ ಗಾಬರಿಯಿಂದ ಬಾಗಿಲು ಕೆರೆಯುವ ನಾಯಿಗೂ ಇರುವ ವ್ಯತ್ಯಾಸ ತಿಳಿಯುತ್ತದೆ. ಇದಕ್ಕೆ ಬೇರೆಯೇ ಚಿಕಿತ್ಸೆ ಬೇಕು. ಮಣ್ಣು, ಕಲ್ಲು, ಗೋಡೆಯ ಗಾರೆ ತಿನ್ನುವುದು, ಇದ್ದಕ್ಕಿದ್ದಂತೆ ಮುಟ್ಟಿಸಿಕೊಳ್ಳದಿರುವುದು, ಕಲಿತ ಶೌಚದ ಅಭ್ಯಾಸ ತಪ್ಪುವುದು ಜಂತುಬಾಧೆ, ನೋವು ಅಥವಾ ಮೂತ್ರನಾಳದ ಸೋಂಕಿನ ಸೂಚನೆಯಾಗಿರಬಹುದು.

ತೊರೆಯುವಿಕೆ

ಅಮೆರಿಕದ 12 ಪ್ರಾಣಿ ಆಶ್ರಯತಾಣಗಳಲ್ಲಿ ನಡೆದು 1998ರಲ್ಲಿ ಪ್ರಕಟವಾದ ಅಧ್ಯಯನದಲ್ಲಿ, ಮನೆಯವರೇ ತಂದು ಒಪ್ಪಿಸಿದ ನಾಯಿಗಳಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಐದು ತಿಂಗಳಿಂದ ಮೂರು ವರ್ಷದೊಳಗಿನವು. ಬಹುಪಾಲು ನಾಯಿಗಳಿಗೆ ಯಾವ ತರಬೇತಿಯೂ ಆಗಿರಲಿಲ್ಲ. ಇಂಗ್ಲೆಂಡಿನ ಪಶುವೈದ್ಯಾಲಯಗಳ ದಾಖಲೆಗಳನ್ನು ಆಧರಿಸಿ 2018ರಲ್ಲಿ ಪ್ರಕಟವಾದ ಇನ್ನೊಂದು ಅಧ್ಯಯನ, ಮೂರು ವರ್ಷದೊಳಗಿನ ನಾಯಿಗಳ ಸಾವುಗಳಲ್ಲಿ ಸುಮಾರು ಮೂರನೆಯ ಒಂದು ಭಾಗಕ್ಕೆ ಅನಪೇಕ್ಷಿತ ವರ್ತನೆ ಕಾರಣವೆಂದು ಕಂಡುಕೊಂಡಿತು. ವರ್ತನೆಯ ಕಾರಣಕ್ಕೆ ನೀಡಿದ ದಯಾಮರಣದ ಜೊತೆಗೆ, ಕರೆದರೆ ಬಾರದೆ ರಸ್ತೆಗೆ ನುಗ್ಗಿ ವಾಹನಕ್ಕೆ ಸಿಕ್ಕಿದಂಥ ಸಾವುಗಳೂ ಇದರಲ್ಲಿ ಸೇರಿವೆ.

ಭಾರತದಲ್ಲಿ ಹಸಿವು ಬಾಯಾರಿಕೆಗಳಿಂದ ನರಳುವ ಸ್ಥಿತಿಯಲ್ಲಿ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು 1960ರ ಅಧಿನಿಯಮದ ಅದೇ 11ನೆಯ ಪ್ರಕರಣದಡಿ ಅಪರಾಧ. ಅಧಿನಿಯಮ ಗೊತ್ತುಮಾಡಿದ ದಂಡ ಮೊದಲ ಅಪರಾಧಕ್ಕೆ 10ರಿಂದ 50 ರೂಪಾಯಿ. ಮನೆಯಲ್ಲಿ ಬೆಳೆದ ನಾಯಿಗೆ ಬೀದಿಯ ಬದುಕು ಗೊತ್ತಿರುವುದಿಲ್ಲ. ಅಲ್ಲಿನ ನಾಯಿಗಳ ಗುಂಪು ಅದನ್ನು ತನ್ನ ಸರಹದ್ದಿನೊಳಗೆ ಸೇರಿಸುವುದಿಲ್ಲ, ವಾಹನಗಳ ಅಂದಾಜೂ ಅದಕ್ಕಿರುವುದಿಲ್ಲ. ಸಾಕಲು ನಿಜವಾಗಿಯೂ ಆಗದಿದ್ದಾಗ ಪಶುವೈದ್ಯರು ಅಥವಾ ಪ್ರಾಣಿ ಕಲ್ಯಾಣ ಸಂಸ್ಥೆಗಳ ಮೂಲಕ ಹೊಸ ಮನೆ ಹುಡುಕಿ, ಲಸಿಕೆಯ ದಾಖಲೆಯೊಂದಿಗೆ ನಾಯಿಯ ಅಭ್ಯಾಸಗಳನ್ನೂ ಅಂಜಿಕೆಗಳನ್ನೂ ಮರೆಮಾಚದೆ ತಿಳಿಸಿ ಒಪ್ಪಿಸಲಾಗುತ್ತದೆ.